ಕಪ್ಪು ಹಲಗೆಯೂ ಬಿಳಿ ಪರದೆಯೂ

ನಾವು ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಗುಮಾಸ್ತರು. ಬರವಣಿಗೆಯಲ್ಲಿ ‘ನಾನು’ ಎನ್ನುವ ಅಭ್ಯಾಸ ತಪ್ಪಿಹೋಗಿ ಇಪ್ಪತ್ತು ವರ್ಷಗಳಾದವು. ‘ಈ ಕಚೇರಿಯ ಗಮನಕ್ಕೆ ಬಂದಿದೆ’, ‘ಈ ಕಚೇರಿಯು ವಿನಂತಿಸುತ್ತದೆ’ ಎಂದು ಟಿಪ್ಪಣಿ ಬರೆದು ಬರೆದು, ಮನೆಯಲ್ಲಿ ಒಂದು ಲೋಟ ಚಹಾ ಕೇಳುವಾಗಲೂ ‘ನಮಗೆ ಚಹಾ ಬೇಕಾಗಿದೆ’ ಎನ್ನುವ ಸ್ಥಿತಿಗೆ ತಲುಪಿದ್ದೇವೆ. ಆದ್ದರಿಂದ ವಾಚಕರು ಈ ಬಹುವಚನವನ್ನು ಗರ್ವವೆಂದು ತಿಳಿಯದೆ ವೃತ್ತಿಯಿಂದ ಬಂದ ರೋಗವೆಂದು ತಿಳಿದು ಕ್ಷಮಿಸಬೇಕು.

ಈಗ ಹೇಳಹೊರಟಿರುವುದು ಡೊಂಬಿವಲಿಯ ನಮ್ಮ ಸಂಘದ ಭಾನುವಾರದ ಕನ್ನಡ ವರ್ಗದ ಸಂಗತಿ. ಅಲ್ಲಿ ನಾವು ಮಾಸ್ತರರು. ಮಾಸ್ತರಿಕೆಯ ಯಾವ ಪರೀಕ್ಷೆಯನ್ನೂ ಪಾಸು ಮಾಡಿದವರಲ್ಲ. ಆದರೆ ನಮ್ಮಲ್ಲಿ ಒಂದು ವಿದ್ಯೆಯಿದೆಯೆಂದು ಊರಿಗೆಲ್ಲ ಗೊತ್ತಾಗಿಬಿಟ್ಟಿತ್ತು. ಅದೇ ಪಿಪಿಟಿ, ಅಂದರೆ ಕಂಪ್ಯೂಟರಿನಲ್ಲಿ ಸ್ಲೈಡು ಮಾಡುವ ವಿದ್ಯೆ. ಕಚೇರಿಯಲ್ಲಿ ತಿಂಗಳಿಗೊಂದು ಪರಿಶೀಲನಾ ಸಭೆ. ಸಾಹೇಬರು ಮಾತಾಡಬೇಕು, ಅವರ ಬೆನ್ನ ಹಿಂದೆ ಗೋಡೆಯ ಮೇಲೆ ಸ್ಲೈಡುಗಳು ಬರಬೇಕು. ‘ನೀವು ಬಿ.ಎಸ್ಸಿ. ಓದಿದವರು, ನಿಮಗೆ ತಿಳಿಯುತ್ತದೆ’ ಎಂದು ಒಬ್ಬ ಸಾಹೇಬರು ಈ ಕೆಲಸ ನಮ್ಮ ಕೊರಳಿಗೆ ಕಟ್ಟಿದರು. ರಸಾಯನಶಾಸ್ತ್ರಕ್ಕೂ ಸ್ಲೈಡಿಗೂ ಏನು ಸಂಬಂಧವೆಂದು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಸಾಹೇಬರು ಬದಲಾದರು, ಸ್ಲೈಡು ಮಾತ್ರ ನಮ್ಮಲ್ಲೇ ಉಳಿಯಿತು.

ಸಂಘದ ವರ್ಗವನ್ನು ಮೊದಲು ನಡೆಸುತ್ತಿದ್ದವರು ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಶಾಲೆಯೊಂದರಲ್ಲಿ ದುಡಿದು ನಿವೃತ್ತರಾದ ಟೀಚರು. ಕಪ್ಪು ಹಲಗೆ, ಸೀಮೆಸುಣ್ಣ, ಒಂದು ಒದ್ದೆ ಬಟ್ಟೆ, ಇಷ್ಟೇ ಅವರ ಸರಂಜಾಮು. ಮಕ್ಕಳು ಹನ್ನೆರಡಿದ್ದವರು ಒಂಬತ್ತಾದರು, ಒಂಬತ್ತಿದ್ದವರು ಆರಾದರು. 2020ರ ಮಾರ್ಚಿನಲ್ಲಿ ಲೋಕಲ್ ರೈಲು ನಿಂತು ಎಲ್ಲರೂ ಮನೆ ಸೇರಿದಾಗ ವರ್ಗವೂ ನಿಂತಿತು. ಆ ಕಾಲದಲ್ಲೇ ಮಕ್ಕಳು ತಮ್ಮ ಶಾಲೆಯ ಪಾಠವನ್ನೆಲ್ಲ ಮೊಬೈಲಿನಲ್ಲಿ ಸ್ಲೈಡುಗಳ ಮೂಲಕ ಕಲಿತರು. ಮತ್ತೆ ವರ್ಗ ಸುರುಮಾಡುವಾಗ ಹೊಟೇಲು ನಡೆಸುವ ಸದಸ್ಯರೊಬ್ಬರು ಸಂಘಕ್ಕೆ ಪ್ರೊಜೆಕ್ಟರು ದಾನ ಕೊಟ್ಟರು. ಕಾರ್ಯದರ್ಶಿಗಳು ನಮ್ಮ ಮನೆಗೇ ಬಂದು, “ಇನ್ನು ಸೀಮೆಸುಣ್ಣಕ್ಕೆ ಮಕ್ಕಳು ಬರುವುದಿಲ್ಲ ಮಾರಾಯ್ರೆ, ನಿಮಗೆ ಪಿಪಿಟಿ ಬರ್ತದಲ್ಲ, ನೀವೇ ನೋಡಿಕೊಳ್ಳಿ” ಎಂದರು. ನಮ್ಮ ಮಗಳಿಗೂ ಕನ್ನಡ ಓದಲು ಬರುತ್ತಿರಲಿಲ್ಲ. ಆ ಆಸೆಗೆ ಒಪ್ಪಿದೆವು.

ಸ್ಲೈಡೆಂದರೆ ಕಂಪ್ಯೂಟರಿನ ಸಂತಾನವೆಂದು ಕೆಲವರು ತಿಳಿದಿರಬಹುದು. ಹಾಗಲ್ಲ. ಗಾಜಿನ ಪಟ್ಟಿಯ ಮೇಲೆ ಬರೆದ ಚಿತ್ರವನ್ನು ದೀಪದ ಮುಂದೆ ಜಾರಿಸಿ ಗೋಡೆಯ ಮೇಲೆ ದೊಡ್ಡದಾಗಿ ತೋರಿಸುತ್ತಿದ್ದ ಮಾಯಾದೀಪದ ಕಾಲದ ಹೆಸರು ಅದು, ಜಾರಿಸುವುದರಿಂದ ಸ್ಲೈಡು. ನಮ್ಮ ಪಕ್ಕದ ಕಲ್ಯಾಣದವರೇ ಆದ ಮಹಾದೇವ ಗೋಪಾಳ ಪಟವರ್ಧನರು 1890ರ ದಶಕದಲ್ಲಿ ತಮ್ಮ ಮಕ್ಕಳನ್ನು ಕಟ್ಟಿಕೊಂಡು, ಬಣ್ಣ ಬಳಿದ ಗಾಜಿನ ಚಿತ್ರಗಳಿಂದ ಪುರಾಣದ ಕಥೆಗಳನ್ನು ತೋರಿಸುತ್ತಿದ್ದರು. ‘ಶಾಂಬರಿಕ ಖರೋಲಿಕಾ’ ಎಂದು ಆ ಪ್ರದರ್ಶನದ ಹೆಸರು. ದಾದಾಸಾಹೇಬ ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ ಚಿತ್ರ ತೆರೆಗೆ ಬಂದದ್ದು 1913ರಲ್ಲಿ; ಇದು ಅದಕ್ಕೂ ಮೊದಲಿನ ಮಾತು. ಚಿತ್ರ ಪರದೆಯ ಮೇಲೆ, ಕಥೆ ಹೇಳುವವನ ಬಾಯಲ್ಲಿ. ಇದನ್ನು ಮುಂದೆ ನೆನಪಿಡಬೇಕಾಗುತ್ತದೆ.

ಈಗಿನ ಪವರ್‌ಪಾಯಿಂಟನ್ನು ಅಮೇರಿಕದ ಫೋರ್‌ಥಾಟ್ ಎಂಬ ಸಣ್ಣ ಕಂಪೆನಿಯಲ್ಲಿ ರಾಬರ್ಟ್ ಗ್ಯಾಸ್ಕಿನ್ಸ್ ಮತ್ತು ಡೆನಿಸ್ ಆಸ್ಟಿನ್ ಎಂಬವರು ರೂಪಿಸಿದರು. ಅದು ಪೇಟೆಗೆ ಬಂದದ್ದು 1987ರಲ್ಲಿ, ಆ್ಯಪಲ್ ಕಂಪೆನಿಯ ಮ್ಯಾಕಿಂತೋಶ್ ಗಣಕಕ್ಕೆ. ಅದೇ ವರ್ಷ ಮೈಕ್ರೋಸಾಫ್ಟ್ ಕಂಪೆನಿ 1 ಕೋಟಿ 40 ಲಕ್ಷ ಡಾಲರು ಕೊಟ್ಟು ಆ ಕಂಪೆನಿಯನ್ನೇ ಕೊಂಡುಕೊಂಡಿತು. ಅದು ಹುಟ್ಟಿದ್ದು ವ್ಯಾಪಾರದ ಸಭೆಗಳಿಗಾಗಿ, ಶಾಲೆಗಾಗಿ ಅಲ್ಲ. ಸಭೆಯಲ್ಲಿ ಕೂತವರು ಒಪ್ಪಿದರೆ ಸಾಕು. ಶಾಲೆಯಲ್ಲಿ ಕೂತವರು ಕಲಿಯಬೇಕು. ಈ ವ್ಯತ್ಯಾಸ ನಮಗೆ ಹೊಳೆಯಲು ಆರು ತಿಂಗಳು ಹಿಡಿಯಿತು.

ಮೊದಲ ಭಾನುವಾರದ ಪಾಡನ್ನೇ ಕೇಳಿ. ಶನಿವಾರ ರಾತ್ರಿ ಹನ್ನೆರಡರ ತನಕ ಕೂತು ‘ನುಡಿ’ಯ ಹಳೆಯ ಅಕ್ಷರಶೈಲಿಯಲ್ಲಿ ನಲವತ್ತು ಸ್ಲೈಡು ಸಿದ್ಧಪಡಿಸಿದೆವು. ಬೆಳಿಗ್ಗೆ ಕಿಟಕಿಗಳಿಗೆಲ್ಲ ಚಾದರ ಕಟ್ಟಿ, ಬೆವರು ಒರೆಸಿಕೊಂಡು, ಮಕ್ಕಳ ಮುಂದೆ ಗುಂಡಿ ಒತ್ತಿದರೆ ‘ಅ ಆ ಇ ಈ’ ಇರಬೇಕಾದಲ್ಲಿ ಇಂಗ್ಲಿಷ್ ಅಕ್ಷರಗಳೂ ಚುಕ್ಕೆಗಳೂ ಕೊಂಬುಗಳೂ ಕಲಸಿಕೊಂಡು ಬಂದು ನಿಂತವು. ಒಬ್ಬ ಹುಡುಗ ಎದ್ದು ನಿಂತು, “ಸರ್, ಇದು ಯಾವ ಕನ್ನಡ?” ಎಂದು ಕೇಳಿದ. ಆಮೇಲೆ ತಿಳಿಯಿತು: ಹಳೆಯ ಶೈಲಿಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂಡಿಸಿರುತ್ತಾರೆ, ಆ ಶೈಲಿ ಇಲ್ಲದ ಕಂಪ್ಯೂಟರಿನಲ್ಲಿ ಮನೆಯ ಮೂಲ ಯಜಮಾನರೇ ಕಾಣಿಸಿಕೊಳ್ಳುತ್ತಾರೆ. ಯುನಿಕೋಡಿನಲ್ಲಿ ಕನ್ನಡಕ್ಕೆ ಸ್ವಂತ ಜಾಗವಿದೆ, ಬಾಡಿಗೆ ಮನೆಯ ಕಾಟವಿಲ್ಲ. ಮುಂಬಯಿಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಆ ದಿನ ಟೀಚರು ಹಿಂದಿನ ಬೆಂಚಿನಿಂದ ಎದ್ದು ಬಂದು, ಏನೂ ಮಾತಾಡದೆ ಹಲಗೆಯ ಮೇಲೆ ‘ಅ’ ಬರೆದು ವರ್ಗದ ಮಾನ ಉಳಿಸಿದರು.

ಎರಡನೆಯ ವಾರದಿಂದ ನಮ್ಮ ಗಾಡಿ ಹಳಿಯ ಮೇಲೆ ಬಂತು. ನಿಜ ಹೇಳಬೇಕೆಂದರೆ ಸ್ಲೈಡಿನಿಂದ ಆದ ಉಪಕಾರ ಸಣ್ಣದಲ್ಲ. ನಮ್ಮ ಮಕ್ಕಳು ಮಿಕ್ಸರು ಕಂಡವರು. ಒರಳು, ಕಡೆಗೋಲು, ನೇಗಿಲು, ಭತ್ತದ ತೆನೆ ಕಂಡವರಲ್ಲ. ಪಾಠದಲ್ಲಿ ‘ಕಡೆಗೋಲು’ ಎಂದು ಬಂದರೆ ಅದನ್ನು ವರ್ಣಿಸುವುದರಲ್ಲಿ ಹತ್ತು ನಿಮಿಷ ಹೋಗುತ್ತಿತ್ತು; ಚಿತ್ರ ತೋರಿಸಿದರೆ ಅರ್ಧ ನಿಮಿಷ. ಇನ್ನೊಂದು ತೊಡಕು ಹ್ರಸ್ವ ದೀರ್ಘಗಳದು. ಇಲ್ಲಿನ ಮಕ್ಕಳು ಮರಾಠಿ ಬಲ್ಲವರು. ಮರಾಠಿ ಬರವಣಿಗೆಯಲ್ಲಿ ಎ-ಏ, ಒ-ಓ ಎಂಬ ಭೇದವಿಲ್ಲ. ಆದ್ದರಿಂದ ‘ಬೆಳೆ’ಯೂ ‘ಬೇಳೆ’ಯೂ ಅವರಿಗೆ ಒಂದೇ, ‘ಕೊಡು’ ಎಂದರೂ ‘ಕೋಡು’ ಎಂದರೂ ಒಂದೇ. ಒಂದು ಕಡೆ ಹಸಿರು ಗದ್ದೆ, ಇನ್ನೊಂದು ಕಡೆ ಡಬ್ಬಿಯಲ್ಲಿ ತೊಗರಿಬೇಳೆ; ಒಂದು ಕಡೆ ನೀರು ತುಂಬಿದ ಕೆರೆ, ಇನ್ನೊಂದು ಕಡೆ ಹರಿದಾಡುವ ಕೇರೆ ಹಾವು. ‘ನಾನು ಕೇರೆಯಲ್ಲಿ ಈಜಿದೆ’ ಎಂದು ಓದಿದ ಹುಡುಗಿ ಚಿತ್ರ ನೋಡಿ ಕಿರುಚಿದಳು, ಮತ್ತೆಂದೂ ತಪ್ಪಲಿಲ್ಲ. ಒತ್ತಕ್ಷರಗಳೂ ಹಾಗೆಯೇ. ದೇವನಾಗರಿಯಲ್ಲಿ ಅರ್ಧ ಅಕ್ಷರ ಹೆಚ್ಚಾಗಿ ಪಕ್ಕದಲ್ಲಿ ಆತು ನಿಲ್ಲುತ್ತದೆ, ಕನ್ನಡದಲ್ಲಿ ಒತ್ತು ಕೆಳಗೆ ಹೋಗಿ ಕೂರುತ್ತದೆ. ಎರಡನ್ನೂ ಬಣ್ಣದಲ್ಲಿ ಅಕ್ಕಪಕ್ಕ ತೋರಿಸಿದಾಗ ಮಕ್ಕಳ ಮುಖ ಅರಳಿತು.

ವರ್ಗದಲ್ಲಿ ಮಕ್ಕಳು ಇಪ್ಪತ್ತೆರಡಾದರು. ನವೆಂಬರಿನ ರಾಜ್ಯೋತ್ಸವದ ದಿನ ವೇದಿಕೆಯ ಮೇಲೆ ಪರದೆ ಕಟ್ಟಿ, ಒಂದರ ಹಿಂದೊಂದು ಮೂವತ್ತು ಸ್ಲೈಡು ಹಾಯಿಸಿದೆವು. ಮಕ್ಕಳು ಒಂದೂ ತಪ್ಪದೆ ಓದಿದರು. ನಮ್ಮ ಮಗಳ ಧ್ವನಿ ಎಲ್ಲಕ್ಕಿಂತ ಮೇಲೆ. ಸಭೆ ಚಪ್ಪಾಳೆ ತಟ್ಟಿತು. ಅಧ್ಯಕ್ಷರು ನಮಗೆ ಶಾಲು ಹೊದಿಸಿದರು. ಆ ಸೆಕೆಯಲ್ಲೂ ಶಾಲು ತೆಗೆಯದೆ ಮನೆತನಕ ನಡೆದು ಹೋದೆವೆಂದರೆ ನಮ್ಮ ಸ್ಥಿತಿ ನಿಮಗೆ ಅರ್ಥವಾದೀತು.

ಇಲ್ಲಿ ನಮ್ಮ ಅಪ್ಪಯ್ಯನ ವಿಷಯ ಹೇಳಬೇಕು. ಅವರು ಕುಂದಾಪುರದ ಕಡೆಯಿಂದ ಹದಿನಾಲ್ಕನೆಯ ವಯಸ್ಸಿನಲ್ಲಿ, 1962ರಲ್ಲಿ ಮುಂಬಯಿಗೆ ಬಂದವರು. ಫೋರ್ಟಿನ ಹೊಟೇಲಿನಲ್ಲಿ ಹಗಲು ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಕೂತು ಎಸ್.ಎಸ್.ಸಿ. ಮಾಡಿದರು. 1902ರಲ್ಲಿ ಸ್ಥಾಪನೆಯಾದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ಈ ಊರಲ್ಲಿ ರಾತ್ರಿ ಶಾಲೆ ನಡೆಸದಿದ್ದರೆ ನಮ್ಮವರಲ್ಲಿ ಎಷ್ಟು ಮಂದಿ ಲೋಟದ ಹತ್ತಿರವೇ ಉಳಿಯುತ್ತಿದ್ದರೋ! ಅಪ್ಪಯ್ಯನ ಅಕ್ಷರ ಆ ರಾತ್ರಿಗಳಲ್ಲಿ ಮೂಡಿದ ಅಕ್ಷರ. ಮುಂದಕ್ಕೆ ಬಾಗಿದ, ಒಂದಕ್ಕೊಂದು ಕೈ ಹಿಡಿದ, ಅವಸರದ ಅಕ್ಷರ. ಎರಡು ವರ್ಷದ ಹಿಂದೆ ಅವರ ಗಂಟಲಿಗೆ ಶಸ್ತ್ರಚಿಕಿತ್ಸೆಯಾಗಿ ಧ್ವನಿಪೆಟ್ಟಿಗೆ ತೆಗೆಯಬೇಕಾಯಿತು. ಅಂದಿನಿಂದ ಅವರ ಮಾತೆಲ್ಲ ಒಂದು ಇನ್ನೂರು ಪುಟದ ಪಟ್ಟಿಯಲ್ಲಿ. ಬರೆಯುತ್ತಾರೆ, ನಾವು ಓದಿ ಬಾಯಲ್ಲಿ ಉತ್ತರ ಕೊಡುತ್ತೇವೆ. ಬರೆಯುವುದು ಕನ್ನಡದಲ್ಲಿ ಮಾತ್ರ.

ರಾಜ್ಯೋತ್ಸವ ಕಳೆದು ಒಂದು ತಿಂಗಳಾಗಿರಬಹುದು. ನಮ್ಮಾಕೆಗೂ ನಮಗೂ ಬರುವುದು ತಡವಾಯಿತು. ಕಲ್ಯಾಣದ ಕಡೆಯ ಗಾಡಿಗಳು ಮಳೆ ಇಲ್ಲದೆಯೂ ನಿಲ್ಲಬಲ್ಲವು. ಮನೆಯಲ್ಲಿ ಹನ್ನೊಂದು ವರ್ಷದ ಮಗಳೂ ಅಜ್ಜಯ್ಯನೂ ಇಬ್ಬರೇ. ಬಂದು ನೋಡಿದರೆ ಅಪ್ಪಯ್ಯನ ಮಂಚದ ಪಕ್ಕದ ಸ್ಟೂಲಿನ ಮೇಲೆ ಮೂರು ಲೋಟ ನೀರು ಸಾಲಾಗಿ ನಿಂತಿವೆ. ಒಂದರಲ್ಲಿ ತಣ್ಣೀರು, ಒಂದರಲ್ಲಿ ಬಿಸಿನೀರು, ಒಂದರಲ್ಲಿ ಲಿಂಬೆ ಹಿಂಡಿದ ನೀರು. ಪಟ್ಟಿ ಮಡಚಿಟ್ಟು ಅಪ್ಪಯ್ಯ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾರೆ. ಮಗಳು ಅಡುಗೆಮನೆಯಲ್ಲಿ ಮುಖ ಊದಿಸಿ ಕೂತಿದ್ದಾಳೆ.

ಪಟ್ಟಿ ತೆರೆದೆವು. ‘ನೀರು ಬೇಡ. ಇಲ್ಲಿ ಕೂತುಕೋ. ಶಾಲೆಯ ಸುದ್ದಿ ಹೇಳು’ ಎಂದು ಬರೆದಿತ್ತು. ಅದರ ಕೆಳಗೆ ಅದನ್ನೇ ಇನ್ನೊಮ್ಮೆ, ದೊಡ್ಡದಾಗಿ. ಮೂರನೆಯ ಸಲ ‘ಬೇಡ’ ಎಂಬುದರ ಅಡಿಗೆ ಎರಡು ಗೆರೆ.

ಅವಳಿಗೆ ‘ನೀರು’ ಒಂದು ಗೊತ್ತಾಗಿತ್ತು. ಉಳಿದದ್ದು ಗೊತ್ತಾಗಿರಲಿಲ್ಲ. “ಪಪ್ಪಾ, ಅಜ್ಜಯ್ಯನ ‘ಬೇ’ ನಮ್ಮ ಸ್ಲೈಡಿನ ‘ಬೇ’ ತರ ಇಲ್ಲ. ಅದರ ಪಕ್ಕದಲ್ಲಿ ಚಿತ್ರವೂ ಇಲ್ಲ” ಎಂದಳು. ಅವಳ ತಪ್ಪೇನು? ನಾವು ಕಲಿಸಿದ್ದನ್ನು ಅವಳು ಕಲಿತಿದ್ದಳು. ರಾಜ್ಯೋತ್ಸವದ ಶಾಲು ಕಪಾಟಿನಲ್ಲಿ ಮಡಚಿ ಇಟ್ಟದ್ದು ಕಣ್ಣಿಗೆ ಬಿತ್ತು. ಆ ರಾತ್ರಿ ಊಟ ಸೇರಲಿಲ್ಲ.

ಮುಂದಿನ ಭಾನುವಾರ ಟೀಚರ ಹತ್ತಿರ ನಡೆದದ್ದನ್ನು ಹೇಳಿದೆವು. ಅವರು, “ಸರ್, ನಾನೇ ಹೇಳಬೇಕು ಅಂತಿದ್ದೆ. ಮಕ್ಕಳು ಪರದೆ ಓದುತ್ತಾರೆ, ಅಕ್ಷರ ಓದುವುದಿಲ್ಲ. ಬೇಕಾದರೆ ಚಿತ್ರ ಬದಲಿಸಿ ನೋಡಿ” ಎಂದರು. ಬದಲಿಸಿದೆವು. ದನದ ಚಿತ್ರದ ಕೆಳಗೆ ‘ಮನೆ’ ಎಂದು ಬರೆದು ತೋರಿಸಿದೆವು. ಇಪ್ಪತ್ತೆರಡು ಮಕ್ಕಳಲ್ಲಿ ಹದಿನೆಂಟು ಮಂದಿ ಒಕ್ಕೊರಲಿನಿಂದ “ದನ!” ಎಂದರು. ಸ್ಲೈಡುಗಳ ಕ್ರಮ ಹಿಂದುಮುಂದು ಮಾಡಿದರೆ ಓದು ಕುಂಟಿತು. ಯಾವುದರ ನಂತರ ಯಾವುದು ಬರುತ್ತದೆಂಬುದನ್ನೇ ಬಾಯಿಪಾಠ ಮಾಡಿದ್ದರು. ಪರದೆ ಆರಿಸಿ ‘ಅಪ್ಪ’ ಎಂದು ಬರೆಯಲು ಹೇಳಿದೆವು. ಒಬ್ಬ ಮೊದಲು ಕೆಳಗಿನ ಒತ್ತು ಬರೆದು, ಆಮೇಲೆ ಅದರ ಮೇಲೆ ‘ಪ’ ಕಟ್ಟಿದ, ಚಿತ್ರ ಬಿಡಿಸುವವನಂತೆ. ಮೂವರು ಮಾತ್ರ ಸರಿಯಾಗಿ ಬರೆದರು. ಮೂವರೂ ಟೀಚರ ಹಳೆಯ ಶಿಷ್ಯರು.

ಕಂಡದ್ದನ್ನು ಗುರುತಿಸುವುದು ಬೇರೆ, ಕಾಣದಿರುವಾಗ ನೆನೆದು ಬರೆಯುವುದು ಬೇರೆ. ಪರದೆಯ ಮೇಲೆ ಅಕ್ಷರ ಹುಟ್ಟುವುದಿಲ್ಲ, ಸಿದ್ಧವಾಗಿ ಬಂದು ಇಳಿಯುತ್ತದೆ. ಹಲಗೆಯ ಮೇಲಾದರೆ ಕೈ ಎಲ್ಲಿ ಸುರುಮಾಡಿತು, ಎಲ್ಲಿ ತಿರುಗಿತು, ತಲೆಕಟ್ಟು ಯಾವಾಗ ಬಂತು ಎಂಬುದೆಲ್ಲ ಮಗುವಿನ ಕಣ್ಣೆದುರೇ ನಡೆಯುತ್ತದೆ. ಟೀಚರು ‘ಪ’ ಬರೆಯಲು ತೆಗೆದುಕೊಳ್ಳುವ ಸಮಯವೂ ಮಗು ತನ್ನ ಪಟ್ಟಿಯಲ್ಲಿ ಬರೆಯಲು ಬೇಕಾಗುವ ಸಮಯವೂ ಹೆಚ್ಚುಕಡಮೆ ಒಂದೇ. ನಾವು ಗುಂಡಿ ಒತ್ತುವುದಕ್ಕೆ ಸಮಯವೇ ಬೇಡ. ನಲವತ್ತು ಸ್ಲೈಡು ಮುಗಿಸಿದ್ದೇವೆಂದು ನಮಗೆ ತೃಪ್ತಿ, ನಲವತ್ತು ನೋಡಿದ್ದೇವೆಂದು ಮಕ್ಕಳಿಗೆ ತೃಪ್ತಿ, ಚಪ್ಪಾಳೆ ತಟ್ಟಿದ್ದೇವೆಂದು ಪಾಲಕರಿಗೆ ತೃಪ್ತಿ. ಕಲಿತದ್ದು ಮಾತ್ರ ಯಾರ ಲೆಕ್ಕದಲ್ಲೂ ಇಲ್ಲ.

ದೊಡ್ಡವರೂ ಇದರಲ್ಲಿ ಎಡವಿದ್ದಾರೆ. 2003ರ ಜನವರಿಯಲ್ಲಿ ಅಮೇರಿಕದ ಕೊಲಂಬಿಯಾ ನೌಕೆ ಆಕಾಶಕ್ಕೆ ಏರುವಾಗ ನೊರೆಯ ತುಂಡೊಂದು ಕಳಚಿ ಅದರ ಎಡರೆಕ್ಕೆಗೆ ಬಡಿಯಿತು. ಅಪಾಯವಿದೆಯೇ ಎಂದು ಎಂಜಿನಿಯರರು ಪರಿಶೀಲಿಸಿ ಮೇಲಿನವರಿಗೆ ಸ್ಲೈಡುಗಳಲ್ಲಿ ತೋರಿಸಿದರು. ತಲೆಬರಹ ಸಮಾಧಾನ ಹೇಳುವಂತಿತ್ತು. ಸಂಶಯದ ಮಾತು ಕೆಳಗೆ ಸಣ್ಣ ಅಕ್ಷರದಲ್ಲಿ ಅಡಗಿತ್ತು. ಫೆಬ್ರುವರಿ 1ರಂದು ನೌಕೆ ಹಿಂತಿರುಗುವಾಗ ಒಡೆದುಹೋಗಿ ಏಳು ಮಂದಿ ತೀರಿಕೊಂಡರು. ಅವರಲ್ಲಿ ಒಬ್ಬಳು ಕರ್ನಾಲದಲ್ಲಿ ಹುಟ್ಟಿ ಬೆಳೆದ ಕಲ್ಪನಾ ಚಾವ್ಲಾ. ದುರಂತದ ಮೂಲ ಕಾರಣ ಸ್ಲೈಡಲ್ಲ, ಸರಿಯೇ. ಆದರೂ ಆ ವರ್ಷವೇ ಬಂದ ತನಿಖಾ ಮಂಡಳಿಯ ವರದಿ, ವಿವರವಾದ ತಾಂತ್ರಿಕ ಬರಹದ ಜಾಗದಲ್ಲಿ ಸ್ಲೈಡುಗಳನ್ನೇ ನಂಬುವ ಪದ್ಧತಿಯನ್ನು ಟೀಕಿಸಿತು. ಆಕಾಶನೌಕೆಯೆಲ್ಲಿ, ನಮ್ಮ ಡೊಂಬಿವಲಿಯ ವರ್ಗವೆಲ್ಲಿ! ಆದರೆ ತೋರಿಸಿದವರಿಗೆ ‘ಹೇಳಿದೆವು’ ಎಂದೂ ನೋಡಿದವರಿಗೆ ‘ತಿಳಿಯಿತು’ ಎಂದೂ ಅನ್ನಿಸಿ, ನಡುವೆ ವಿಷಯವೇ ಜಾರಿಹೋಗುವುದು ಎರಡೂ ಕಡೆ ಒಂದೇ. ಸ್ಲೈಡು ಎಂಬ ಹೆಸರೇ ಜಾರುವುದಕ್ಕೆ ಇರುವುದಷ್ಟೆ?

ಹಾಗೆಂದು ಪ್ರೊಜೆಕ್ಟರನ್ನು ಅಟ್ಟಕ್ಕೆ ಏರಿಸಲಿಲ್ಲ. ಕಡೆಗೋಲನ್ನು, ಕೇರೆ ಹಾವನ್ನು ಬಿಡುವುದುಂಟೆ? ಟೀಚರೂ ನಾವೂ ಕೂತು ಕ್ರಮ ಬದಲಿಸಿದೆವು. ಈಗ ಒಂದೂವರೆ ತಾಸಿನ ವರ್ಗಕ್ಕೆ ಐದೇ ಸ್ಲೈಡು. ಚಿತ್ರ ಬೇರೆ, ಶಬ್ದ ಬೇರೆ. ಮೊದಲು ಚಿತ್ರ ಮಾತ್ರ. ಅದರ ಮೇಲೆ ಮಾತುಕತೆ. ಆಮೇಲೆ ಕಂಪ್ಯೂಟರಿನಲ್ಲಿ ‘ಬಿ’ ಕೀಲಿ ಒತ್ತುತ್ತೇವೆ. ಸ್ಲೈಡು ನಡೆಯುತ್ತಿರುವಾಗ ಅದನ್ನು ಒತ್ತಿದರೆ ಪರದೆ ಪೂರ್ತಿ ಕಪ್ಪಾಗುತ್ತದೆ. ಮತ್ತೊಮ್ಮೆ ಒತ್ತಿದರೆ ಬೆಳಕು. ಇಪ್ಪತ್ತು ವರ್ಷ ಸಾಹೇಬರಿಗೆ ಸ್ಲೈಡು ಮಾಡಿಕೊಟ್ಟ ನಮಗೆ ಈ ಕೀಲಿಯ ಗುಣ ತಿಳಿದಿರಲಿಲ್ಲ. ಪರದೆ ಕಪ್ಪಾದ ಮೇಲೆ ಟೀಚರು ಹಲಗೆಯ ಮೇಲೆ ನಿಧಾನವಾಗಿ ಬರೆಯುತ್ತಾರೆ, ಮಕ್ಕಳು ಪಟ್ಟಿಯಲ್ಲಿ ಬರೆಯುತ್ತಾರೆ. ಹಲಗೆ ಒರೆಸಿದ ಮೇಲೆ ಇನ್ನೊಮ್ಮೆ, ನೋಡದೆ. ಕೊನೆಗೆ ಪರದೆಯಲ್ಲಿ ಶಬ್ದ ಬರುತ್ತದೆ, ತಾವು ಬರೆದದ್ದು ಸರಿಯೇ ಎಂದು ತಾವೇ ನೋಡಿಕೊಳ್ಳಲು. ಕಥೆ ಹೇಳುವವನ ಬಾಯಲ್ಲಿ, ಚಿತ್ರ ಪರದೆಯ ಮೇಲೆ ಎಂಬ ಕಲ್ಯಾಣದ ಪಟವರ್ಧನರ ಪದ್ಧತಿಗೆ ನಾವು ಇನ್ನೊಂದು ಸೇರಿಸಿದ್ದೇವೆ: ಅಕ್ಷರ ಮಗುವಿನ ಕೈಯಲ್ಲಿ.

ಪರದೆಗೆ ಇನ್ನೊಂದು ಕೆಲಸವೂ ಸಿಕ್ಕಿತು. ಅಚ್ಚಿನ ಅಕ್ಷರದ ಬದಲು ಕೈಬರಹವನ್ನು ಮೊಬೈಲಿನಲ್ಲಿ ಫೋಟೋ ತೆಗೆದು ಹಾಕುತ್ತೇವೆ: ಊರಿನಿಂದ ಬಂದಿದ್ದ ಹಳೆಯ ಇನ್‌ಲ್ಯಾಂಡ್ ಪತ್ರದ ಎರಡು ಸಾಲು, ದಿನಸಿ ಸಾಮಾನಿನ ಚೀಟಿ, ಮದುವೆಯ ಉಡುಗೊರೆ ಬರೆದಿಟ್ಟ ಪಟ್ಟಿ. ‘ಬೇ’ ಎಷ್ಟು ಬಗೆಯಲ್ಲಿ ಬಾಗಬಹುದೆಂದು ಮಕ್ಕಳು ನೋಡಲಿ. ಆಮೇಲೆ ಒಂದು ದಿನ ಅಪ್ಪಯ್ಯನ ಕೈಯನ್ನೇ ಕೇಳಿದೆವು. ಮೇಜಿನ ಮೇಲೆ ಎತ್ತರಕ್ಕೆ ಮೊಬೈಲು ಕಟ್ಟಿ, ಅವರು ಬರೆಯುವುದನ್ನು ಚಿತ್ರ ತೆಗೆದೆವು. ಧ್ವನಿಯ ಅಗತ್ಯ ಅಲ್ಲಿ ಇರಲಿಲ್ಲ. ಆ ಭಾನುವಾರ ಪರದೆಯ ಮೇಲೆ ಎಪ್ಪತ್ತು ದಾಟಿದ ಒಂದು ಕೈ, ಸ್ವಲ್ಪ ನಡುಗುತ್ತ, ‘ಅಪ್ಪ’ ಎಂದು ಬರೆಯಿತು. ಇಪ್ಪತ್ತೆರಡು ಸಣ್ಣ ಕೈಗಳು ಅದರ ಹಿಂದೆ ಹೋದವು. ಟೀಚರು ಕನ್ನಡಕ ತೆಗೆದು ಒರೆಸಿಕೊಂಡರು. ನಾವು ಕಿಟಕಿಯ ಚಾದರ ಸರಿಮಾಡುವ ನೆಪದಲ್ಲಿ ಆ ಕಡೆ ತಿರುಗಿದೆವು.

ಮಗಳು ಇನ್ನೂ ಪೂರ್ತಿ ಓದಬಲ್ಲಳೆಂದು ಹೇಳಲಾರೆವು. ನಿಧಾನ ಓದುತ್ತಾಳೆ, ನಡುವೆ ನಿಲ್ಲುತ್ತಾಳೆ. ಹೋದ ತಿಂಗಳು ಒಂದು ಸಂಜೆ ನಾವು ಚಪ್ಪಲಿ ಕಳಚುತ್ತಿರುವಾಗಲೇ ಅಪ್ಪಯ್ಯನ ಪಟ್ಟಿ ಹಿಡಿದುಕೊಂಡು ಬಂದಳು. ಬೆರಳಿಟ್ಟು ಓದಿದಳು: “ನಿನ್ನ... ಅಪ್ಪನ... ‘ಳ’... ಚೆನ್ನಾ... ಚೆನ್ನಾಗಿಲ್ಲ. ನಾನು... ಬರೆದು... ಕೊಡುತ್ತೇನೆ.” ಓದಿ ಮುಗಿಸಿದ ಮೇಲೆ ಅರ್ಥವಾಗಿ ಬಿದ್ದು ಬಿದ್ದು ನಕ್ಕಳು. ಒಳಗಿನಿಂದ ಅಪ್ಪಯ್ಯ ಮಂಚದ ಕಾಲಿಗೆ ಪೆನ್ನಿನಿಂದ ಟಕಟಕ ಬಡಿದರು. ಅದು ಅವರ ಈಗಿನ ನಗು. ಸ್ಟೂಲಿನ ಮೇಲೆ ಒಂದೇ ಲೋಟವಿತ್ತು, ಅದೂ ಖಾಲಿ.

ಕೊನೆಗೆ ಪಾಲಕರಲ್ಲಿ ಒಂದು ವಿನಂತಿ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮಕ್ಕಳನ್ನು ಕಳಿಸುವಾಗ ಒಂದು ಪಟ್ಟಿ, ಒಂದು ಪೆನ್ಸಿಲು ಮರೆಯದೆ ಕೊಟ್ಟು ಕಳಿಸಿ, ಮೊಬೈಲು ಬೇಡ. ಮನೆಯ ಹಳೆಯ ಪೆಟ್ಟಿಗೆಯಲ್ಲಿ ಅಜ್ಜ ಅಜ್ಜಿಯರ ಕಾಗದ ಪತ್ರಗಳಿದ್ದರೆ ಅವುಗಳಲ್ಲಿ ಒಂದನ್ನು ತಂದುಕೊಡಿ, ಫೋಟೋ ತೆಗೆದು ಜೋಪಾನವಾಗಿ ಹಿಂದಿರುಗಿಸುತ್ತೇವೆ. ಮೆಗಾ ಬ್ಲಾಕ್ ಇದ್ದರೂ ವರ್ಗ ಇದೆ.